ಬಾವಿ ದಾಟಿ ಹೋದ ನಾಯಿ

ಪಾತಾಳಗರಡಿ ಎಂದರೆ ಏನೆಂದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬಾವಿಗೆ ಬಿದ್ದ ಕೊಡಪಾನವನ್ನು ಮೇಲೆತ್ತಲು ಇರುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಹಗ್ಗ ಕಟ್ಟಿ ಇಳಿಬಿಟ್ಟು ತಳದಲ್ಲಿ ಅಂದಾಜಿನ ಮೇಲೆ ಆಡಿಸಿದರೆ ಯಾವುದಾದರೂ ಒಂದು ಕೊಕ್ಕೆಗೆ ಕೊಡ ಸಿಕ್ಕಿಕೊಳ್ಳುತ್ತದೆ. ಹಿಂದೆ ಊರಿಗೆ ಒಂದೋ ಎರಡೋ ಇರುತ್ತಿತ್ತು. ಬೇಕಾದವರು ಕೇಳಿ ಒಯ್ಯುತ್ತಿದ್ದರು.

2018ರ ಕಾರ್ತಿಕ ಮಾಸದ ಒಂದು ರಾತ್ರಿ ನಮ್ಮ ಅಂಗಳಕ್ಕೆ ಪಾತಾಳಗರಡಿ ಬಂತು. ಬಾವಿಗೆ ಕೊಡ ಬಿದ್ದಿರಲಿಲ್ಲ. ನನ್ನ ಅಕ್ಕ ಕಾಣೆಯಾಗಿದ್ದಳು.

ಅಕ್ಕನಿಗೆ ಆಗ ಎಪ್ಪತ್ತೆಂಟು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಎತ್ತಿ ಆಡಿಸಿದ್ದು ಅವಳು, ನನ್ನ ಮಕ್ಕಳನ್ನು ಆಡಿಸಿದ್ದೂ ಅವಳೇ. ಎರಡು ವರ್ಷದಿಂದ ಮರೆವು ಹತ್ತಿತ್ತು. ಮೊದಲು ಸಾರಿಗೆ ಉಪ್ಪು ಹಾಕಿದ್ದು ಮರೆತಳು, ಆಮೇಲೆ ಊಟ ಮಾಡಿದ್ದು, ಆಮೇಲೆ ನನ್ನ ಹೆಂಡತಿಯ ಹೆಸರು. ಡಾಕ್ಟರರು ಡಿಮೆನ್ಷಿಯಾ ಎಂದರು. ನಮ್ಮ ಕಡೆ ಅರಳುಮರಳು ಎನ್ನುತ್ತಾರೆ. ಹೆಸರು ಕೇಳಲು ಹಗುರ.

ಅವತ್ತು ಅಡಕೆ ಕೊಯ್ಲು. ಸಾಗರದ ಕಡೆಯವರಿಗೆ ಹೇಳಬೇಕಾಗಿಲ್ಲ, ಕೊಯ್ಲಿನ ದಿನ ಮನೆಯೆಂದರೆ ಜಾತ್ರೆ. ಕೊನೆ ಕೊಯ್ಯುವವರು, ಹೊರುವವರು, ಸಂಜೆ ಸುಲಿಯಲು ಬರುವವರು. ಐದು ಗಂಟೆಗೆ ಅಕ್ಕ ಬಾವಿಕಟ್ಟೆಯ ಮೇಲೆ ಕೂತಿದ್ದನ್ನು ನಾಲ್ಕೈದು ಜನ ನೋಡಿದ್ದರು. ಆರು ಗಂಟೆಗೆ ಸೊಸೆ ಕಾಫಿ ಕೊಡಲು ಹೋದರೆ ಅಲ್ಲಿ ಊರುಗೋಲು ಮಾತ್ರ ಇತ್ತು.

ಬಾವಿಕಟ್ಟೆಗೆ ಒರಗಿಸಿದ ಊರುಗೋಲು. ಇನ್ನೇನು ಬೇಕು, ಎಲ್ಲರ ಮನಸ್ಸೂ ಒಂದೇ ಕಡೆ ಹೋಯಿತು. ಆದರೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಟರಿ ಹಿಡಿದು ತೋಟ, ಕೆರೆ ಏರಿ, ಸೊಪ್ಪಿನಬೆಟ್ಟ ಎಲ್ಲ ಸುತ್ತಿದೆವು. ಎಂಟು ಗಂಟೆಗೆ ಮಗ ಪೊಲೀಸ್ ಠಾಣೆಗೆ ಹೋದ. ಅವರು ಬರೆದುಕೊಂಡು, ಬೆಳಿಗ್ಗೆ ಶಿವಮೊಗ್ಗದಿಂದ ನಾಯಿ ತರಿಸುತ್ತೇವೆ, ಅಲ್ಲಿಯವರೆಗೆ ಅಜ್ಜಿ ಮಲಗುವ ಕೋಣೆಗೆ ಬೀಗ ಹಾಕಿ ಎಂದು ಹೇಳಿ ಕಳಿಸಿದರು. ಬೀಗ ಯಾಕೆ ಎಂದು ನಮಗೆ ಆಗ ಅರ್ಥವಾಗಲಿಲ್ಲ. ಹತ್ತು ಗಂಟೆಗೆ ಪಕ್ಕದ ಮನೆಯವರು ಪಾತಾಳಗರಡಿ ತಂದು ಅಂಗಳದ ಮೂಲೆಯಲ್ಲಿಟ್ಟು, ಏನೂ ಹೇಳದೆ ಹೋದರು. ರಾತ್ರಿಯಿಡೀ ಅದು ಅಲ್ಲಿಯೇ ಇತ್ತು. ಅದನ್ನು ಬಾವಿಗಿಳಿಸುವ ಧೈರ್ಯ ನನಗೂ ಬರಲಿಲ್ಲ, ನನ್ನ ಮಗನಿಗೂ ಬರಲಿಲ್ಲ.

ಬೆಳಿಗ್ಗೆ ಏಳಕ್ಕೆ ಜೀಪು ಬಂತು. ಇಳಿದದ್ದು ಒಂದು ಜರ್ಮನ್ ಶೆಫರ್ಡ್ ಹೆಣ್ಣುನಾಯಿ ಮತ್ತು ಅದರ ಜೊತೆಗಾರ, ಬಾಗಲಕೋಟೆ ಕಡೆಯ ಹುಡುಗ. ಪೊಲೀಸರ ಭಾಷೆಯಲ್ಲಿ ಅವನನ್ನು ಹ್ಯಾಂಡ್ಲರ್ ಎನ್ನುತ್ತಾರೆ. ಅವನು ಮಾತ್ರ ಅದನ್ನು 'ಮಗಳ' ಎಂದು ಕರೆಯುತ್ತಿದ್ದ. ಬಂದವನೇ ಮೊದಲು ಮಾಡಿದ ಕೆಲಸವೆಂದರೆ ನಮ್ಮನ್ನೆಲ್ಲ ಜಗಲಿಗೆ ಹತ್ತಿಸಿದ್ದು. "ಯಾರೂ ಅಂಗಳಕ್ಕ ಇಳೀಬ್ಯಾಡ್ರಿ. ರಾತ್ರಿ ಎಲ್ಲ ತುಳದೀರಿ, ಸಾಕು."

ಆಮೇಲೆ ಅಕ್ಕನ ಬಟ್ಟೆ ಕೇಳಿದ. ಸೊಸೆ ಗೋಡ್ರೇಜಿನಿಂದ ಮಡಿಸಿಟ್ಟ ಒಳ್ಳೆಯ ಸೀರೆ ತಂದಳು. ಅವನು ಕೈಯನ್ನೂ ಚಾಚಲಿಲ್ಲ. "ತೊಳದಿದ್ದು ಬ್ಯಾಡ್ರಿ ಅಕ್ಕಾರ. ಉಟ್ಟು ಬಿಟ್ಟಿದ್ದು ಬೇಕು. ಬ್ಯಾರೇದವರು ಮುಟ್ಟಿರಬಾರದು." ದಿಂಬಿನ ಕವರು ಆಗಬಹುದೇ ಎಂದರೆ, ಅಜ್ಜಿಯ ಜೊತೆ ಯಾರು ಮಲಗುತ್ತಾರೆ ಎಂದು ಕೇಳಿದ. ಮೊಮ್ಮಗಳು ಮಲಗುತ್ತಿದ್ದಳು. ಹಾಗಾದರೆ ಅದೂ ಬೇಡ. ಕೊನೆಗೆ ಬೀಗ ಹಾಕಿದ್ದ ಕೋಣೆಯ ಮೊಳೆಗೆ ಅಕ್ಕ ತಲೆಗೆ ಕಟ್ಟಿಕೊಳ್ಳುತ್ತಿದ್ದ ಹಳೇ ಹತ್ತಿ ವಸ್ತ್ರ ತೂಗುತ್ತಿದ್ದದ್ದು ಕಂಡಿತು. ಪ್ಲಾಸ್ಟಿಕ್ ಚೀಲವನ್ನು ಒಳಹೊರಗು ಮಾಡಿ ಕೈಗೆ ಹಾಕಿಕೊಂಡು, ಅದರಿಂದಲೇ ವಸ್ತ್ರವನ್ನು ಹಿಡಿದು ಚೀಲದೊಳಗೆ ಮಗುಚಿದ. ತನ್ನ ಬೆರಳೂ ತಾಗದಂತೆ.

ಈ ವಸ್ತ್ರದಲ್ಲಿ ಅಂಥದ್ದೇನಿತ್ತು? ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು ನಾನು, ಇಲ್ಲಿ ಸ್ವಲ್ಪ ಪಾಠ ಮಾಡದೆ ಇರಲಾರೆ. ನಮ್ಮ ಚರ್ಮದಿಂದ ಹಗಲೂ ರಾತ್ರಿ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟು ಉದುರುತ್ತಲೇ ಇರುತ್ತದೆ. ಅದರ ಜೊತೆ ಬೆವರು, ಮೈಯ ಎಣ್ಣೆ. ಇವುಗಳ ಮೇಲೆ ಬದುಕುವ ಸೂಕ್ಷ್ಮಜೀವಿಗಳಿಂದ ಒಂದು ವಾಸನೆ ಹುಟ್ಟುತ್ತದೆ. ಅದು ಒಬ್ಬೊಬ್ಬರದು ಒಂದೊಂದು. ಅವಳಿ ಜವಳಿಗಳನ್ನು ತಾಯಿಯೇ ಗುರುತಿಸಲು ತಡವರಿಸುವುದುಂಟಲ್ಲ, 2011ರಲ್ಲಿ ಚೆಕ್ ದೇಶದ ವಿಜ್ಞಾನಿಗಳು ಅಂಥ ತದ್ರೂಪಿ ಅವಳಿಗಳ ವಾಸನೆಯನ್ನು ಪಳಗಿದ ಶೆಫರ್ಡ್ ನಾಯಿಗಳಿಗೆ ಕೊಟ್ಟು ನೋಡಿದರು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಅಡುಗೆ ಉಣ್ಣುತ್ತಿದ್ದರೂ ನಾಯಿಗಳು ತಪ್ಪದೆ ಬೇರೆ ಮಾಡಿದವು. ನಾವು ನಡೆದಲ್ಲೆಲ್ಲ ಈ ಹೊಟ್ಟು ಹಿಂದೆ ಉದುರಿ ಹುಲ್ಲಿಗೆ, ಮಣ್ಣಿಗೆ, ಬೇಲಿಗೆ ಅಂಟುತ್ತದೆ. ಅಕ್ಕಿ ಚೀಲಕ್ಕೆ ತೂತಾದರೆ ದಾರಿಯುದ್ದಕ್ಕೂ ಕಾಳು ಚೆಲ್ಲುವ ಹಾಗೆ.

ಅದನ್ನು ಓದುವ ಮೂಗು ನಮ್ಮಲ್ಲಿಲ್ಲ. ಮನುಷ್ಯನಿಗೆ ವಾಸನೆ ಗ್ರಹಿಸುವ ಕೋಶಗಳು ಸುಮಾರು ಐವತ್ತು ಅರವತ್ತು ಲಕ್ಷವಾದರೆ ಶೆಫರ್ಡ್ ನಾಯಿಗೆ ಸುಮಾರು ಇಪ್ಪತ್ತೆರಡು ಕೋಟಿ. ಜೋಲುಗಿವಿಯ ಬ್ಲಡ್‌ಹೌಂಡ್ ಜಾತಿಗೆ ಮೂವತ್ತು ಕೋಟಿ ಎನ್ನುತ್ತಾರೆ. ಲೆಕ್ಕ ಅಷ್ಟೇ ಅಲ್ಲ, ಮೂಗಿನ ರಚನೆಯೂ ಚಂದ. ಮನೆಯಲ್ಲಿ ನಾಯಿಯಿದ್ದರೆ ನೋಡಿ, ಹೊಳ್ಳೆಯ ಪಕ್ಕದಲ್ಲಿ ಅಲ್ಪವಿರಾಮದಂಥ ಸೀಳು ಇರುತ್ತದೆ. ಮುಂದಿನಿಂದ ಎಳೆದುಕೊಂಡ ಉಸಿರನ್ನು ಅದು ಆ ಪಕ್ಕದ ಸೀಳಿನಿಂದ ಬಿಡುತ್ತದೆ. ಹೀಗಾಗಿ ಬಿಟ್ಟ ಉಸಿರು ಮುಂದಿನ ವಾಸನೆಯನ್ನು ಕೆಡಿಸುವುದಿಲ್ಲ. ಮೂಸುವಾಗ ಸೆಕೆಂಡಿಗೆ ಐದಾರು ಸಲ ಉಸಿರು ಎಳೆಯುತ್ತದೆ. ನೀವು ಪ್ರಯತ್ನಿಸಬೇಡಿ, ತಲೆ ತಿರುಗುತ್ತದೆ.

ನಮ್ಮ ಅಂಗಳಕ್ಕೆ ಬರೋಣ. ಹುಡುಗ ಚೀಲದ ಬಾಯಿ ತೆರೆದು ನಾಯಿಯ ಮುಂದೆ ಹಿಡಿದ. ಅದು ಮೂತಿಯಿಟ್ಟು ಎರಡು ಸಲ ಮೂಸಿ ತಲೆಯೆತ್ತಿತು, ಅಷ್ಟೆ. ನಾನಾದರೆ ಇನ್ನಷ್ಟು ಹೊತ್ತು ಮೂಸಿಸುತ್ತಿದ್ದೆ. ಎದೆಪಟ್ಟಿಗೆ ಉದ್ದ ಹಗ್ಗ ಸಿಕ್ಕಿಸಿ "ಹುಡುಕ ಮಗಳ" ಎಂದ.

ನಾಯಿ ನೇರವಾಗಿ ಬಾವಿಕಟ್ಟೆಗೆ ಹೋಯಿತು.

ಜಗಲಿಯ ಮೇಲೆ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಂಬ ಹಿಡಿದುಕೊಂಡೆ. ನಾಯಿ ಕಟ್ಟೆಯ ಕಲ್ಲನ್ನು ಮೂಸಿತು, ಊರುಗೋಲು ಒರಗಿದ್ದ ಜಾಗ ಮೂಸಿತು, ಬಾವಿಗೆ ಒಂದು ಸುತ್ತು ಹಾಕಿತು. ಆಮೇಲೆ, ಅಲ್ಲಿ ತನಗೇನೂ ಕೆಲಸವಿಲ್ಲ ಎಂಬಂತೆ ಬಾವಿಗೆ ಬೆನ್ನು ಹಾಕಿ, ಹಿತ್ತಲ ದಣಪೆಯತ್ತ ಹಗ್ಗವನ್ನು ಬಿಗಿಯಾಗಿ ಎಳೆಯುತ್ತ ಹೊರಟಿತು.

ಅಕ್ಕ ದಿನವೂ ಕೂರುತ್ತಿದ್ದ ಕಟ್ಟೆ ಅದು, ಅವಳ ವಾಸನೆ ಅಲ್ಲಿ ಇಲ್ಲದೆ ಇರುತ್ತದೆಯೇ? ಮನೆ ತುಂಬ ಅವಳದೇ ವಾಸನೆ. ಅದರಲ್ಲಿ ನಿನ್ನೆಯದು ಯಾವುದು, ಮೊನ್ನೆಯದು ಯಾವುದು, ಎಲ್ಲಕ್ಕಿಂತ ಹೊಸದು ಯಾವುದು ಎಂದು ಆರಿಸುವುದೇ ಈ ನಾಯಿಗಳ ಕಸುಬು. ಹೋದ ದಿಕ್ಕೂ ಅವಕ್ಕೆ ತಿಳಿಯುತ್ತದೆ. ನಾರ್ವೆಯ ವಿಜ್ಞಾನಿಗಳು 1993ರಲ್ಲಿ ಬರೆದ ಪ್ರಕಾರ, ಆಗಷ್ಟೇ ನಡೆದುಹೋದವರ ಎರಡರಿಂದ ಐದು ಹೆಜ್ಜೆಗಳನ್ನು ಮೂಸಿದರೆ ಸಾಕು, ಪಳಗಿದ ನಾಯಿ ಅವರು ಈ ಕಡೆ ಹೋದರೋ ಆ ಕಡೆ ಹೋದರೋ ಎಂದು ಗೊತ್ತು ಮಾಡಿಕೊಳ್ಳುತ್ತದೆ. ಹಿಂದಿನ ಹೆಜ್ಜೆಗಿಂತ ಮುಂದಿನ ಹೆಜ್ಜೆ ಒಂದು ಕ್ಷಣ ಹೊಸದು. ಆ ಒಂದು ಕ್ಷಣದ ವ್ಯತ್ಯಾಸ ಅದಕ್ಕೆ ಸಾಕಾಗುತ್ತದೆ ಎನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಾವು ಮೂವರು ಹಿಂದೆ ದೂರದಲ್ಲಿ ನಡೆದೆವು. ದಣಪೆ ದಾಟಿ, ತೋಟದ ಅಂಚಿನ ಕಾಲುದಾರಿ ಬಿಟ್ಟು, ಧರೆ ಹತ್ತಿ ಸೊಪ್ಪಿನಬೆಟ್ಟಕ್ಕೆ ನುಗ್ಗಿತು. ರಾತ್ರಿ ಇಬ್ಬನಿ ಬಿದ್ದು ನೆಲ ತಂಪಾಗಿತ್ತು. ಅದು ನಮ್ಮ ಪುಣ್ಯ ಎಂದ ಹುಡುಗ. ತಂಪು ನೆಲ, ತೇವದ ಹುಲ್ಲು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ನಡುಹಗಲ ಬಿಸಿಲು, ಕಾದ ಡಾಂಬರು, ಜೋರು ಗಾಳಿ ಅದನ್ನು ಬೇಗ ಅಳಿಸುತ್ತವೆ. ಎರಡು ಕಡೆ ನಾಯಿ ತಪ್ಪಿ ಅತ್ತಿತ್ತ ಅಲೆಯಿತು. ರಾತ್ರಿ ಹುಡುಕಲು ಬಂದವರು ಅಡ್ಡಾಡಿದ ಜಾಗಗಳವು. ಹುಡುಗ ಗದರಲಿಲ್ಲ, ಹಗ್ಗ ಸಡಿಲ ಬಿಟ್ಟು ಸುಮ್ಮನೆ ನಿಂತ. ಅದೇ ಸುತ್ತು ಹಾಕಿ ಮತ್ತೆ ದಾರಿ ಹಿಡಿಯಿತು. ಇಂಥ ತಾಳ್ಮೆ ನಾನು ಮೇಷ್ಟ್ರಾಗಿದ್ದಾಗ ಎಷ್ಟು ಜನ ಮೇಷ್ಟ್ರುಗಳಲ್ಲಿ ಕಂಡಿದ್ದೇನೆ ಎಂದು ಲೆಕ್ಕ ಹಾಕುತ್ತ ಬೆಟ್ಟ ಹತ್ತಿದೆ.

ಬೆಟ್ಟ ಇಳಿದರೆ ಟಾರು ರಸ್ತೆ. ಅಲ್ಲೊಂದು ಬಸ್ಸಿನ ತಂಗುದಾಣ. ನಾಯಿ ಸಿಮೆಂಟ್ ಬೆಂಚನ್ನು ಮೂಸಿತು, ರಸ್ತೆಯ ಅಂಚಿಗೆ ಬಂತು, ತಿರುಗಿತು, ಮತ್ತೆ ಬೆಂಚು, ಮತ್ತೆ ರಸ್ತೆ. ಕೊನೆಗೆ ಅಲ್ಲೇ ಕೂತು ಹುಡುಗನ ಮುಖ ನೋಡಿತು.

"ಛೆ, ಸೋತಿತಲ್ಲ" ಎಂದರು ಜೊತೆಯಲ್ಲಿದ್ದವರು.

"ಸೋತಿಲ್ರಿ. ಮುಗೀತು ಅಂತ ಹೇಳಾಕತ್ತೈತಿ. ಅಜ್ಜಿ ಇಲ್ಲಿಂದ ಮುಂದ ನಡಕೊಂಡು ಹೋಗಿಲ್ಲ. ಗಾಡಿ ಹತ್ತ್ಯಾರ."

ಅಕ್ಕ ಬಸ್ಸು ಹತ್ತಿ ಆರೇಳು ವರ್ಷವಾಗಿತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಕೋಲಿಲ್ಲದೆ ಅವಳು ಧರೆ ಹತ್ತುತ್ತಾಳೆಂದು ನಮ್ಮಲ್ಲಿ ಯಾರಿಗೂ ಕನಸಿನಲ್ಲೂ ಹೊಳೆಯುವಂತಿರಲಿಲ್ಲ. ಸಂಜೆ ಆ ರಸ್ತೆಯಲ್ಲಿ ಹೋಗುವ ಬಸ್ಸು ಒಂದೇ, ಹೊಳೆಬಾಗಿಲಿಗೆ. ಹೊಳೆಬಾಗಿಲು ಎಂದ ತಕ್ಷಣ ನನಗೆ ಅರ್ಥವಾಯಿತು.

ಓದುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ನಾಡಿಗೆಲ್ಲ ವಿದ್ಯುತ್ ಬಂತು, ಆದರೆ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ನಮ್ಮ ಹುಟ್ಟಿದೂರೂ ಅದರಲ್ಲೊಂದು. ಮನೆ ಬಿಟ್ಟು ಬರುವಾಗ ನನಗೆ ಎಂಟು ವರ್ಷ, ಅಕ್ಕನಿಗೆ ಇಪ್ಪತ್ತಮೂರು. ಅಂಬಾರಗೋಡ್ಲಿನ ಹೊಳೆಬಾಗಿಲಲ್ಲಿ ಈಗ ಸೇತುವೆಯಾಗಿದೆ, 2025ರಿಂದ ಬಸ್ಸು ಕಾರು ಸಲೀಸಾಗಿ ದಾಟುತ್ತವೆ. ಆಗ ಲಾಂಚ್ ಒಂದೇ ಗತಿ. ಸಂಜೆ ಕೊನೆಯ ಲಾಂಚ್ ಹೋದರೆ ಮತ್ತೆ ಬೆಳಿಗ್ಗೆಯೇ.

ಜೀಪಿನಲ್ಲೇ ಹೋದೆವು. ದಡದ ಮೇಲಿನ ಚಹದಂಗಡಿಯ ಹಿಂದೆ, ಅಂಗಡಿಯಾಕೆಯ ಮನೆಯ ಜಗಲಿಯಲ್ಲಿ ಅಕ್ಕ ಕಂಬಳಿ ಹೊದ್ದು ಕೂತು ದೋಸೆ ತಿನ್ನುತ್ತಿದ್ದಳು. ಕಂಡಕ್ಟರ್ ಪಾಪ, ವಯಸ್ಸಾದವಳೆಂದು ದುಡ್ಡು ಕೇಳಿರಲಿಲ್ಲ. ಕೊನೆಯ ಲಾಂಚ್ ಹೋದ ಮೇಲೂ ದಡ ಬಿಟ್ಟು ಏಳದಿದ್ದಾಗ ಅಂಗಡಿಯಾಕೆ ಮನೆಗೆ ಕರೆದೊಯ್ದಿದ್ದಳು. ಯಾವೂರು ಎಂದು ಕೇಳಿದರೆ ಅಕ್ಕ ಹೇಳಿದ್ದು ಮುಳುಗಿದ ಊರಿನ ಹೆಸರನ್ನು. ಆ ಮನೆಯ ಮುದುಕಿಗೆ ಆ ಊರು ಗೊತ್ತಿತ್ತಂತೆ. ಇಬ್ಬರೂ ರಾತ್ರಿ ಬಹಳ ಹೊತ್ತು ಅಲ್ಲಿಯ ಗದ್ದೆ, ಕಳ, ಹಬ್ಬಗಳ ಮಾತಾಡಿದರಂತೆ. ಆದರೆ ಈಗಿನ ಮನೆ ಎಲ್ಲಿ ಎಂದು ಹೇಳಲು ಅಕ್ಕನಿಗೆ ಬರಲಿಲ್ಲ, ಫೋನು ಮಾಡಿ ಯಾರನ್ನಾದರೂ ಕೇಳೋಣವೆಂದರೆ ಅಲ್ಲಿ ಸಿಗ್ನಲ್ ಇರಲಿಲ್ಲ.

ನನ್ನನ್ನು ನೋಡಿ ಅಕ್ಕ, "ಬಂದ್ಯಾ? ಲಾಂಚ್ ಇನ್ನೂ ಬಂದಿಲ್ಲ ನೋಡು. ಅಪ್ಪಯ್ಯ ಕಾಯ್ತಾ ಇರ್ತಾರೆ" ಎಂದಳು. ನನಗೆ ಉತ್ತರ ಹೊರಡಲಿಲ್ಲ. ಪಕ್ಕದಲ್ಲಿ ಕೂತು ಅವಳ ತಟ್ಟೆಯಿಂದಲೇ ಒಂದು ತುಂಡು ದೋಸೆ ತಿಂದೆ.

ನಾಯಿ ಸಿಕ್ಕ ಖುಷಿಯಲ್ಲಿ ಹಾರಿ ಕುಣಿಯುತ್ತಿತ್ತು. ಹುಡುಗ ಜೇಬಿನಿಂದ ರಬ್ಬರ್ ಚೆಂಡು ತೆಗೆದು ಎಸೆದ. ಇಷ್ಟೆಲ್ಲ ದುಡಿದದ್ದಕ್ಕೆ ಅದು ಬಯಸುವ ಸಂಬಳ ಆ ಚೆಂಡು. ಮರಿಯಾಗಿದ್ದಾಗಿನಿಂದ ಹುಡುಕುವುದು ಆಟ, ಸಿಕ್ಕರೆ ಚೆಂಡು ಎಂದೇ ಕಲಿಸಿರುತ್ತಾರೆ. ಜೀಪು ಹತ್ತಿ ಜೊತೆಗೆ ಬಂದಿದ್ದ ಮೊಮ್ಮಗ ಅವನನ್ನು ಬಿಡಲಿಲ್ಲ. "ಅಣ್ಣಾ, ನಿಮ್ಮ ಕಡೆ ಮುಧೋಳ ನಾಯಿ ಇದೆಯಲ್ಲ, ಅದನ್ನು ಯಾಕೆ ತರಲಿಲ್ಲ?"

"ಮುಧೋಳದ್ದು ಕಣ್ಣಿನ ನಾಯಿ ತಮ್ಮಾ. ಮೊಲ ಕಂಡ್ರ ಬಾಣದಂಗ ಹೊಕ್ಕೈತಿ. ಕಾಣದವರನ್ನ ಹುಡಕಾಕ ಮೂಗಿನ ನಾಯಿ ಬೇಕು." ತನ್ನೂರಿನ ನಾಯಿಯನ್ನು ಬಿಟ್ಟುಕೊಡಲು ಮನಸ್ಸಾಗದೆ, ಮುಧೋಳ ನಾಯಿಯ ಅಂಚೆಚೀಟಿ ಬಂದಿದೆ, ಸೈನ್ಯದವರೂ ಮೀರತ್‌ಗೆ ಒಯ್ದು ತರಬೇತಿ ಕೊಡುತ್ತಿದ್ದಾರೆ ಎಂದೂ ಸೇರಿಸಿದ. ಎರಡೂ ನಿಜ. ಅಂಚೆಚೀಟಿ 2005ರದ್ದು.

ಆಮೇಲೆ ಮೊಮ್ಮಗನಿಗೂ ನನಗೂ ಇದೇ ಹುಚ್ಚು. ಪೇಪರಿನಲ್ಲಿ ಎಲ್ಲಿ ಹುಡುಕುನಾಯಿಯ ಸುದ್ದಿ ಬಂದರೂ ಕತ್ತರಿಸಿ ಅಂಟಿಸುತ್ತಿದ್ದೆವು. 2020ರಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದ ಸುದ್ದಿ ಅದರಲ್ಲಿದೆ. ಸ್ವಿಟ್ಜರ್ಲೆಂಡಿನ ಬ್ಯಾರಿಯೂ ಇದ್ದಾನೆ. ಆಲ್ಪ್ಸ್ ಪರ್ವತದ ಕಣಿವೆದಾರಿಯೊಂದರ ಸೇಂಟ್ ಬರ್ನಾರ್ಡ್ ಮಠದಲ್ಲಿ 1800ರಿಂದ 1812ರವರೆಗೆ ಇದ್ದ ಈ ನಾಯಿ ಹಿಮದಲ್ಲಿ ಸಿಕ್ಕಿಬಿದ್ದ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಅದರ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಚಿತ್ರಗಳಲ್ಲಿ ಈ ಜಾತಿಯ ನಾಯಿಯ ಕೊರಳಲ್ಲಿ ಪುಟ್ಟ ಪೀಪಾಯಿ ತೂಗುತ್ತದಲ್ಲ, ಅದು ಚಿತ್ರಕಾರನ ಕಲ್ಪನೆ.

ನನಗೆ ಹೆಚ್ಚು ಇಷ್ಟವಾದದ್ದು ಜೂಲಿ ಮತ್ತು ರೋಮಿಯೊ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ನಮ್ಮ ದೇಶದ ಎನ್‌ಡಿಆರ್‌ಎಫ್ ತಂಡದ ಜೊತೆ ಹೋದ ನಾಯಿಗಳು. ಕುಸಿದ ಕಟ್ಟಡದ ಮೇಲೆ ನಿಂತು ಜೂಲಿ ಬೊಗಳಿತು. ಅಲ್ಲಿಗೇ ಅಗೆಯಲು ಶುರು ಮಾಡಲಿಲ್ಲ. ಜೂಲಿಯನ್ನು ಕರೆದುಕೊಂಡು ರೋಮಿಯೊನನ್ನು ಬಿಟ್ಟರು. ಅದೂ ಅಲ್ಲೇ ಬೊಗಳಿತು. ಅಗೆದಾಗ ಆರು ವರ್ಷದ ಹುಡುಗಿ ಜೀವಂತ ಸಿಕ್ಕಳು. ಈ ನಾಯಿಗಳಿಗೆ ಯಾರ ಬಟ್ಟೆಯನ್ನೂ ಮೂಸಿಸಬೇಕಾಗಿಲ್ಲ. ಗಾಳಿಯಲ್ಲಿ ತೇಲಿ ಬರುವ ಜೀವಂತ ಮನುಷ್ಯರ ವಾಸನೆ, ಅದು ಯಾರದ್ದಾದರೂ ಸರಿ, ಸಿಕ್ಕರೆ ಬೊಗಳಬೇಕು. ಜಾಡು ಹಿಡಿಯುವ ನಮ್ಮ 'ಮಗಳ' ಕೆಲಸವೇ ಬೇರೆ. ಸಾವಿರ ಜನರಲ್ಲಿ ಒಬ್ಬರನ್ನು ಹಿಡಿಯುವುದು.

ಹೀಗೆ ಓದುತ್ತಿದ್ದಾಗ ಕಂಡದ್ದು ಅಮೆರಿಕದ ಒಂದು ಸುದ್ದಿ. ಫ್ಲಾರಿಡಾದ ಸಿಟ್ರಸ್ ಕೌಂಟಿಯಲ್ಲಿ ಮರೆವಿನ ಕಾಯಿಲೆಯ ಹೆಂಗಸೊಬ್ಬರು 2017ರಲ್ಲಿ ಕಾಣೆಯಾದರು. ಅವರ ಮನೆಯಲ್ಲಿ ಒಂದು ಬಾಟಲಿ ಇತ್ತು. ಎರಡೂವರೆ ವರ್ಷ ಹಿಂದೆ ಶುದ್ಧವಾದ ಬಟ್ಟೆಯ ತುಂಡನ್ನು ಅವರ ಮೈಗೆ ಒರೆಸಿ, ಬಾಟಲಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ, ತಾರೀಖು ಬರೆದು ಇಟ್ಟದ್ದು. ಪೊಲೀಸ್ ನಾಯಿ ಅದನ್ನು ಮೂಸಿ ಕೆಲವೇ ನಿಮಿಷಗಳಲ್ಲಿ ಅವರನ್ನು ಹುಡುಕಿತು.

ಇಷ್ಟು ಸುಲಭದ ಕೆಲಸ ನಮ್ಮ ಮನೆಗಳಲ್ಲಿ ಯಾಕಾಗಬಾರದು? ಬೇಕಾದ್ದು ಏನು, ಮುಚ್ಚಳ ಬಿಗಿಯಾಗಿ ಕೂರುವ ಒಂದು ಗಾಜಿನ ಬಾಟಲಿ, ಔಷಧಿ ಅಂಗಡಿಯಲ್ಲಿ ಸಿಗುವ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ. ಸ್ನಾನಕ್ಕೆ ಮುಂಚೆ ಹಿರಿಯರೇ ಅದನ್ನು ಕಂಕುಳಿಗೂ ಕತ್ತಿನ ಹಿಂಭಾಗಕ್ಕೂ ಒರೆಸಿಕೊಂಡು ತಾವೇ ಬಾಟಲಿಗೆ ಹಾಕಬೇಕು, ಅವರಿಗೆ ಆಗದಿದ್ದರೆ ಬೇರೆಯವರು ಹೊಸ ಕೈಗವಸು ಹಾಕಿಕೊಂಡು ಮಾಡಬೇಕು. ಹೆಸರು, ತಾರೀಖು ಬರೆದು ಬಿಸಿಲು ಬೀಳದ ಕಡೆ ಇಟ್ಟರೆ ಆಯಿತು. ಒಂದು ವೇಳೆ ಯಾರಾದರೂ ಕಾಣೆಯಾದರೆ ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂದು ಹೇಳುವವರ ಮಾತು ಕೇಳಬೇಡಿ, ಅಂಥ ನಿಯಮ ಯಾವುದೂ ಇಲ್ಲ. ಕೂಡಲೇ 112ಕ್ಕೆ ಫೋನು ಮಾಡಿ, ಅವರು ಕೊನೆಗೆ ಇದ್ದ ಜಾಗವನ್ನು ಯಾರೂ ತುಳಿಯದಂತೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಕಾವಲು ನಿಲ್ಲುವ ಕೆಲಸ ಹತ್ತು ವರ್ಷದ ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದ್ದು. ದೊಡ್ಡವರು ಆ ಗಾಬರಿಯಲ್ಲಿ ಒಂದು ಕಡೆ ನಿಲ್ಲುವುದಿಲ್ಲ.

ಅಕ್ಕ ಆಮೇಲೆ ಮೂರು ವರ್ಷ ಇದ್ದಳು. ಅವಳ ಬಾಟಲಿ ತೆರೆಯುವ ಪ್ರಸಂಗ ಬರಲಿಲ್ಲ. ದಣಪೆಗೆ ನಾವು ಒಂದು ಗಂಟೆ ಕಟ್ಟಿದ್ದೆವು, ದಣಪೆ ಸರಿಸಿದರೆ ಢಣಢಣ ಎನ್ನುತ್ತಿತ್ತು. ವರ್ಷಕ್ಕೆ ಎರಡು ಮೂರು ಸಲ ನಾನೇ ಅವಳನ್ನು ಹೊಳೆಬಾಗಿಲಿಗೆ ಕರೆದುಕೊಂಡು ಹೋಗಿ ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ ಬರುತ್ತಿದ್ದೆ. ನಡು ನೀರಿನಲ್ಲಿ ಅವಳು ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದಳು. ಏನು ಕಾಣುತ್ತದೆ ಎಂದು ನಾನು ಕೇಳಿದವನಲ್ಲ.

ಹೋದ ತಿಂಗಳು ನಾನು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದೆ. ಮೊಮ್ಮಗಳು ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೊರಟಾಗ ಗಾಜ್ ಬಟ್ಟೆ, ಬಾಟಲಿ ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ಅದು ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ, ದಪ್ಪ ಅಕ್ಷರದಲ್ಲಿ 'ಅಜ್ಜ' ಎಂದು ಬರೆದು. ಪಕ್ಕದಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಇರುವುದರಿಂದ ಬೇರೆ ಕಡೆ ಇಡು ಎಂದು ನನ್ನ ಹೆಂಡತಿಯ ತಕರಾರು ಇನ್ನೂ ನಡೆದಿದೆ.